ಓದುಗರ ಸ್ಪಂದನ: ಮಗಳ ಮುಂದ ಯಾಕ ಮುಚ್ಚಿಡ್ತೀರಿ ಅಕ್ಕಾ?

ಹೋದ ವಾರದ ಸಮಸ್ಯೆ: ಸರ್ಕಸ್ಸಿನ ಕುದುರೆ ಸವಾರರ ಮನೆತನದಲ್ಲಿ ಹುಟ್ಟಿ, ಮದುವೆಯಾಗಿ ಹುಬ್ಬಳ್ಳಿಗೆ ಬಂದವಳು ನಾನು. ಸರ್ಕಸ್ ವಿಷಯ ಯಾರ ಮುಂದೂ ಎತ್ತಬೇಡ ಅಂತ ಅತ್ತೆ ಹೇಳಿದ್ದರು. ಈಗ ಹತ್ತು ವರ್ಷದ ಮಗಳಿಗೆ ಟ್ರಂಕಿನಲ್ಲಿ ನನ್ನ ಹಳೇ ಫೋಟೋ ಸಿಕ್ಕಿದೆ. ಶಾಲೆ ಕಲಿಯದ ನಾನು ಅವಳಿಗೆ ಏನಂತ ಹೇಳಲಿ?

ಅಕ್ಕಾ, ನಿಮ್ಮ ಪತ್ರ ಓದಿ ರಾತ್ರಿ ನಿದ್ದಿ ಹತ್ತಲಿಲ್ಲ. ನಾನೂ ಡೇರೆದಾಗ ಹುಟ್ಟಿದಾಕಿ. ಅಜ್ಜ ಸವಾರ, ಅಪ್ಪ ಸವಾರ, ನನಗ ಸರಿಯಾಗಿ ನಡಿಯಾಕ ಬರೂಕಿಂತ ಮೊದಲ ಅಪ್ಪ ತನ್ನ ಮುಂದ ಕುಂದ್ರಿಸ್ಕೊಂಡು ರಿಂಗ್ ಸುತ್ತಿಸ್ತಿದ್ದ ಅಂತ ಅವ್ವ ಹೇಳ್ತಿದ್ಲು. ಐದು ವರ್ಷಕ್ಕ ಸೊಂಟಕ್ಕ ಪಟ್ಟಾ ಕಟ್ಟಿ, ಮ್ಯಾಲಿಂದ ಹಗ್ಗ ಹಿಡದು, ಮೊದಲ ಮೊಣಕಾಲ ಮ್ಯಾಲ, ಆಮ್ಯಾಲ ಎರಡೂ ಕಾಲ ಮ್ಯಾಲ, ಕಡೀಕ ಒಂದ ಕಾಲ ಮ್ಯಾಲ ನಿಲ್ಲಿಸಿದ್ರು. ಕಾಲ ಜಾರಬಾರದು ಅಂತ ಕುದರಿ ಬೆನ್ನಿಗೆ ರಾಳದ ಪುಡಿ ಉಜ್ಜತಿದ್ರು, ಆ ವಾಸನಿ ಈಗೂ ಮೂಗಿನಾಗ ಐತಿ. ಕುದರಿ ಒಂದ ತಾಳದಾಗ ಓಡಬೇಕು, ತಾಳ ತಪ್ಪಿತಂದ್ರ ನಾವು ಕೆಳಗ. ಮಂದಿ ನಮ್ಮನ್ನ ನೋಡಿ ಚಪ್ಪಾಳಿ ಹೊಡೀತಿದ್ರು, ನಮ್ಮ ಲಕ್ಷ್ಯ ಎಲ್ಲಾ ಕುದರಿ ಕಿವಿ ಮ್ಯಾಲ ಇರ್ತಿತ್ತು, ಅದು ಬೆದರೂದು ಮೊದಲ ಕಿವಿಯಾಗ ಗೊತ್ತಾಕ್ಕೈತಿ.

ಇದನ್ನೆಲ್ಲಾ ಮಗಳಿಗೆ ಹೇಳ್ರಿ. ರಿಂಗ್ ಯಾಕ ದುಂಡಗ ಇರ್ತೈತಿ, ಯಾಕ 42 ಅಡಿ ಅಗಲ ಅಂತ ಹೇಳ್ರಿ. ದುಂಡಗ ಓಡುವಾಗ ಮೈ ಒಳಗ ವಾಲಿಸಿದ್ರ ಕುದರಿ ಬೆನ್ನ ಮ್ಯಾಲ ನಿಲ್ಲಾಕ ಹಗುರ ಆಕ್ಕೈತಿ, ನಿಮಗ ನಾ ಹೇಳಬೇಕಾಗಿಲ್ಲ. 1768ರಾಗ ಲಂಡನ್ನಿನಾಗ ಇಂಥಾ ಆಟ ಶುರು ಮಾಡಿದ ಫಿಲಿಪ್ ಆಸ್ಟ್ಲಿ ಮಿಲ್ಟ್ರಿ ಸವಾರ, ನಮ್ಮ ದೇಶದಾಗ ಮೊದಲ ಸರ್ಕಸ್ ಕಟ್ಟಿ 1880ರಾಗ ಮುಂಬೈದಾಗ ಆಟ ತೋರಿಸಿದ ವಿಷ್ಣುಪಂತ ಛತ್ರೆಯವರೂ ಕುದರಿ ಸವಾರಿ ಕಲಿಸ್ತಿದ್ದವರ. ಸರ್ಕಸ್ ಹುಟ್ಟಿದ್ದ ನಿಮ್ಮಂಥಾ ಮನೆತನದವರ ಕೈಯಾಗ ಅಕ್ಕಾ, ನಾಚಿಕಿ ಯಾತರದ್ದು?

ಕಷ್ಟಾನೂ ಹೇಳ್ರಿ ಮತ್ತ. ನಾನು ಮೂರು ರಾಜ್ಯದ ಶಾಲಿಗೆ ಹೋಗಿ ಒಂದರಾಗೂ ವರ್ಷ ಮುಗಿಸ್ಲಿಲ್ಲ. ಹದಿನಾರಕ್ಕ ಮುಂಗೈ ಮುರೀತು, ಕಂಪನಿಯವರು ಪೂರಾ ಕೂಡೂಮಟ ಕಾಯದ ರಿಂಗಿಗೆ ಇಳಿಸಿದ್ರು, ಈಗೂ ಮಳಿಗಾಲ ಬಂದ್ರ ರೊಟ್ಟಿ ಬಡಿಯಾಕ ಆಗಂಗಿಲ್ಲ. 2011ರಾಗ ಸುಪ್ರೀಂ ಕೋರ್ಟು ಸರ್ಕಸ್ಸಿನಾಗ ಮಕ್ಕಳನ್ನ ದುಡಿಸಬಾರದು ಅಂದಾಗ, ಸಣ್ಣಾಗಿಂದ ಕಲೀಲಿಲ್ಲಂದ್ರ ವಿದ್ಯಾ ಹೆಂಗ ಉಳೀತೈತಿ ಅಂತ ನಮ್ಮ ಅಣ್ಣ ಸಿಟ್ಟಾಗಿದ್ದ. ನಾ ಮಾತ್ರ ಕೋರ್ಟಿನ ಕಡೆ. ಕಲಿಯೂದು ಬ್ಯಾರೆ, ಕೂಸು ಟಿಕೆಟ್ ಮಂದಿ ಮುಂದ ದಿನಾ ಮೂರು ಆಟ ಮಾಡೂದು ಬ್ಯಾರೆ.
— ಓದುಗಳು, ಗದಗ-ಬೆಟಗೇರಿ

ಸಣ್ಣಾವ ಇದ್ದಾಗ ಹುಬ್ಬಳ್ಳಿ ನೆಹರು ಮೈದಾನಕ್ಕ ಸರ್ಕಸ್ ನೋಡಾಕ ಅಪ್ಪನ ಸೈಕಲ್ ಮ್ಯಾಲ ಹೋದದ್ದು ಇನ್ನೂ ನೆನಪೈತಿ. ಅಕ್ಕಾರ, ಚೆನ್ನಮ್ಮ ಸರ್ಕಲ್‌ನಾಗ ಕುದರಿ ಮ್ಯಾಲ ಕುಂತ ರಾಣಿಗೆ ಊರ ಮಂದಿ ಎಲ್ಲಾ ಕೈ ಮುಗೀತಾರ, ನಿಮ್ಮ ಮಗಳನ್ನ ಒಂದ ದಿನ ಅಲ್ಲಿ ಕರ್ಕೊಂಡು ಹೋಗಿ ನಿಂದ್ರಿಸಿ ಮಾತು ಶುರು ಮಾಡ್ರಿ. ಇನ್ನ ಶಾಲಿ ಮಾತು, ಎನ್‌ಐಒಎಸ್ ಅಂದ್ರ ಕೇಂದ್ರ ಸರ್ಕಾರದ ಮುಕ್ತ ಶಾಲಿ, ಅದರಾಗ ಹತ್ತನೇತ್ತ ಪರೀಕ್ಷೆ ಕಟ್ಟಾಕ 14 ವರ್ಷ ತುಂಬಿದ್ರ ಸಾಕು, ಇಷ್ಟ ವಯಸ್ಸಿನೊಳಗ ಅಂತ ಮಿತಿ ಇಲ್ಲ. ಮಗಳ ಜೋಡಿ ಕುಂತು ಓದ್ರಿ.
— ಓದುಗ, ಧಾರವಾಡ

ನಾ ಅತ್ತಿ ಆದಾಕಿ, ಅದಕ್ಕ ಬರೀಲಿಕ್ಹತ್ತೇನಿ. ನನ್ನ ಸೊಸಿ ನಾಟಕ ಕಂಪನಿ ಮನಿಯಾಕಿ, ಬೀಗರ ಮುಂದ ಹೇಳಬ್ಯಾಡ ಅಂತ ನಾನೂ ಬಾಯಿ ಕಟ್ಟಿದ್ದೆ. ಹೋದ ವರ್ಷ ಗ್ಯಾದರಿಂಗ್‌ದಾಗ ಮೊಮ್ಮಗ ಪಾರ್ಟು ಮಾಡಿದ, ಮಾಸ್ತರು ಯಾರು ಕಲಿಸಿದ್ರೋ ಅಂದ್ರ ಎಲ್ಲಾರ ಮುಂದ ನಮ್ಮವ್ವ ಅಂದ. ಆಕಿ ಮನಿಗೆ ಬಂದು ಅಡಿಗಿಮನಿಯಾಗ ಒಬ್ಬಾಕೀನ ನಿಂತು ಅತ್ಲು, ನಾ ಬಾಗಲದಾಗ ನಿಂತು ನೋಡಿದೆ, ಒಳಗ ಹೋಗಾಕ ಮಾರಿ ಇರಲಿಲ್ಲ ನನಗ. ನಿಮ್ಮ ಅತ್ತಿಯವರ ಮುಂದ ಈ ಪತ್ರ ಓದ್ರಿ ತಂಗಿ. ಆ ಫೋಟೋ ಟ್ರಂಕಿನಾಗ ಇಟ್ರ ಹುಳ ಹತ್ತತಾವು, ಫ್ರೇಮ್ ಹಾಕಿಸಿ ಪಡಸಾಲ್ಯಾಗ ಹಚ್ಚರಿ.
— ಓದುಗಳು, ರಾಣೆಬೆನ್ನೂರು