ಆಪರೇಷನ್ ಆದ ಹೆಣ್ಣು ಮೊಲ ಮೂರನೆಯ ದಿನ ಮೇವು ಬಿಟ್ಟಿದೆ

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹೆಣ್ಣು ಮೊಲಕ್ಕೆ ಈಗ ಒಂದು ವರ್ಷ ಎರಡು ತಿಂಗಳು, ತೂಕ 1.8 ಕಿಲೋ. ಶನಿವಾರ ಬೆಂಗಳೂರಿಗೆ ಕರೆದೊಯ್ದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದೆವು. ಅಂದು ಸಂಜೆ ಮಂಪರು ಇಳಿದ ಮೇಲೆ ನಾಲ್ಕು ಎಲೆ ಕೊತ್ತಂಬರಿ ತಿಂದಳು. ಭಾನುವಾರ ಎದ್ದು ಓಡಾಡಿದ್ದನ್ನು ನೋಡಿ ನೋವು ಇಳಿದಿದೆ ಎಂದುಕೊಂಡು, ವೈದ್ಯರು ಐದು ದಿನಕ್ಕೆ ಬರೆದುಕೊಟ್ಟಿದ್ದ ನೋವಿನ ಔಷಧಿಯನ್ನು ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟೆ. ಇಂದು ಬೆಳಗ್ಗೆಯಿಂದ ಮೂಲೆಯಲ್ಲಿ ಬೆನ್ನು ಗೂನಾಗಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕುಳಿತಿದ್ದಾಳೆ. ಹತ್ತಿರ ಹೋದರೆ ಹಲ್ಲು ಕಡಿಯುವ ಸದ್ದು ಕೇಳಿಸುತ್ತದೆ. ಹಾಸಿದ ಪತ್ರಿಕೆಯ ಮೇಲೆ ರಾತ್ರಿಯಿಂದ ಬಿದ್ದಿರುವುದು ಹನ್ನೊಂದೇ ಹಿಕ್ಕೆ. ಮೊದಲು ಕಡಲೆಕಾಳಿನಷ್ಟು ದಪ್ಪವಾಗಿ, ಮುರಿದರೆ ಹುಲ್ಲಿನ ನಾರು ಕಾಣುವಂತಿರುತ್ತಿದ್ದವು. ಈಗ ಮೆಣಸಿನಕಾಳಿನಂತೆ ಸಣ್ಣಗೆ, ಕಪ್ಪಗೆ, ಗಟ್ಟಿಯಾಗಿವೆ.

ಹೊಲಿಗೆ ಹಾಕಿದ ಜಾಗ ಒಣಗಿಯೇ ಇದೆ, ಊತವಿಲ್ಲ. ನಮ್ಮ ಅತ್ತೆಯವರು ಅದರ ಮೇಲೆ ಅರಿಶಿನ ಹಚ್ಚಬೇಕೆನ್ನುತ್ತಾರೆ. ಅವಳು ಗಾಯವನ್ನು ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಬೇಕೇ ಎಂಬುದೂ ತಿಳಿಯುತ್ತಿಲ್ಲ. ಮನೆಯಲ್ಲಿ ಒಂದು ಗಂಡು ಮೊಲವೂ ಇದ್ದು, ಅದಕ್ಕೆ ಇನ್ನೂ ಆಪರೇಷನ್ ಆಗಿಲ್ಲ. ಇಬ್ಬರನ್ನೂ ಯಾವಾಗ ಒಟ್ಟಿಗೆ ಬಿಡಬಹುದು?

ಉತ್ತರ 1 (ಕೋಲಾರದಿಂದ, ಪಶುವೈದ್ಯ)

ಮೇಡಂ, ಹೊಲಿಗೆಯ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು ಮೊದಲು ಹೊಟ್ಟೆಯ ಕಡೆ ಗಮನ ಕೊಡಿ. ಆಪರೇಷನ್ ಆದ ಮೊಲ ಗಾಯದಿಂದ ಸಾಯುವುದಕ್ಕಿಂತ ಕರುಳು ನಿಂತು ಸಾಯುವುದೇ ಹೆಚ್ಚು. ಮೊಲದ ಕರುಳು ಹಗಲೂ ರಾತ್ರಿಯೂ ನಡೆಯುತ್ತಲೇ ಇರಬೇಕು, ಅದನ್ನು ನಡೆಸುವುದು ಹುಲ್ಲಿನ ನಾರು. ನೋವಾದರೆ ಮೊಲ ಮೇಯುವುದಿಲ್ಲ, ಮೇಯದಿದ್ದರೆ ಕರುಳು ನಿಧಾನವಾಗಿ ಒಳಗೆ ಗಾಳಿ ತುಂಬುತ್ತದೆ, ಗಾಳಿ ತುಂಬಿದರೆ ನೋವು ಇನ್ನೂ ಹೆಚ್ಚುತ್ತದೆ. ನೀವು ಬರೆದಿರುವ ಗೂನು ಬೆನ್ನು, ಅರ್ಧ ಮುಚ್ಚಿದ ಕಣ್ಣು, ಹಲ್ಲು ಕಡಿಯುವುದು ಇವೆಲ್ಲ ನೋವಿನ ಗುರುತುಗಳೇ. ಮೊಲ ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ನೋವನ್ನು ಬಚ್ಚಿಡುತ್ತದೆ. ಭಾನುವಾರ ಓಡಾಡಿದ್ದು ನೋವಿಲ್ಲದ್ದಕ್ಕಲ್ಲ, ಔಷಧಿಯ ಬಲದಿಂದ.

ಈಗಲೇ ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ, ಔಷಧಿ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ, ಅವರು ಹೇಳಿದ ಅಳತೆಯಲ್ಲಿ ಮತ್ತೆ ಶುರು ಮಾಡಿ. ಮನುಷ್ಯರ ನೋವಿನ ಮಾತ್ರೆಯನ್ನಾಗಲಿ, ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅನ್ನಾಗಲಿ ಖಂಡಿತ ಕೊಡಬೇಡಿ. ಅಮಾಕ್ಸಿಸಿಲಿನ್ ಬಾಯಿಂದ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಜೀವಕ್ಕೇ ಅಪಾಯ. 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಪೂರ್ತಿ ನಿಂತರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ ಅಥವಾ ಕಿವಿ ತಣ್ಣಗಾದರೆ ಬೆಳಗಿನವರೆಗೆ ಕಾಯದೆ ಹೊರಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮ್ಮೂರಿನಿಂದ ಬರುವ ಹೆದ್ದಾರಿಯ ದಾರಿಯಲ್ಲೇ ಇದೆ. ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಅರಿಶಿನ ಬೇಡ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಮೈಗೆ ಏನು ಹಚ್ಚಿದರೂ ಮೊಲ ಅದನ್ನು ನೆಕ್ಕಲೆಂದೇ ಹೊಲಿಗೆಯತ್ತ ಬಾಯಿ ಹಾಕುತ್ತದೆ. ಕಾಲರ್ ಕೂಡ ಸಾಧ್ಯವಾದಷ್ಟು ಬೇಡ, ಏಕೆಂದರೆ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಗುದದಿಂದಲೇ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನಬೇಕು. ಕಾಲರ್ ಹಾಕಿದರೆ ಅದೂ ಆಗುವುದಿಲ್ಲ, ಮೇಯುವುದೂ ಕಷ್ಟ. ದಿನಕ್ಕೆ ಎರಡು ಬಾರಿ ಹೊಲಿಗೆ ನೋಡಿದರೆ ಸಾಕು. ನೋಡುವಾಗ ಅಂಗಾತ ಮಲಗಿಸಬೇಡಿ. ಒಬ್ಬರು ಎದೆಗೂ ಹಿಂಗಾಲಿಗೂ ಆಧಾರ ಕೊಟ್ಟು ಎತ್ತಿ ಹಿಡಿದರೆ ಇನ್ನೊಬ್ಬರು ಕೆಳಗಿನಿಂದ ನೋಡಬಹುದು. ಹಿಂಗಾಲು ಝಾಡಿಸಿದರೆ ಬೆನ್ನುಮೂಳೆ ಮುರಿಯುವ ಪ್ರಾಣಿ ಇದು.

ಉತ್ತರ 2 (ಶಿಡ್ಲಘಟ್ಟದಿಂದ)

ಅಕ್ಕ, ಡಾಕ್ಟರ ಹತ್ತಿರ ಮಾತನಾಡಿದ ಮೇಲೆ ತಿನ್ನಿಸುವ ಕೆಲಸ ಶುರು ಮಾಡಿ. ನಮ್ಮದು ರೇಷ್ಮೆ ಸಾಕುವ ಮನೆ, ಮೊಲ ಮಂಕಾದಾಗಲೆಲ್ಲ ನಾವು ಮೊದಲು ಇಡುವುದು ಹಿಪ್ಪುನೇರಳೆ ಸೊಪ್ಪನ್ನು. ಬೇರೆಲ್ಲ ಬಿಟ್ಟ ಮೊಲವೂ ಅದರ ಚಿಗುರನ್ನು ಮೂಸಿ ನೋಡಿ ಕಡಿಯುತ್ತದೆ. ತೋಟದವರನ್ನು ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ಕೇಳದೆ ಮಾತ್ರ ತರಬೇಡಿ. ದ್ರಾಕ್ಷಿ ತೋಟದ ಬದುವಿನ ಹುಲ್ಲಂತೂ ಬೇಡವೇ ಬೇಡ, ಅಲ್ಲಿ ಸಿಂಪಡಣೆ ಬಹಳ. ಗರಿಕೆ, ಪುದೀನ, ಕೊತ್ತಂಬರಿಯನ್ನು ತೊಳೆದು, ನೀರು ಒದರಿ, ಒದ್ದೆ ಇರುವಾಗಲೇ ಬಾಯಿಯ ಹತ್ತಿರ ಹಿಡಿಯಿರಿ. ಎಲೆಕೋಸು ಈ ವಾರ ಬೇಡ.

ತಾನಾಗಿ ತಿನ್ನದಿದ್ದರೆ, ಹೊಟ್ಟೆ ಉಬ್ಬಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಅವಳು ತಿನ್ನುವ ಪೆಲೆಟ್ ಅನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಕಿವುಚಿ, ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಒಂದೊಂದೇ ಮಿಲಿ ಕೊಡಿ. ನುಂಗಿ, ಬಾಯಿ ಆಡಿಸಿದ ಮೇಲೆಯೇ ಇನ್ನೊಂದು. ಆತುರಪಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ನೀರನ್ನು ಬಾಟಲಿಗಿಂತ ಅಗಲವಾದ ಬಟ್ಟಲಿನಲ್ಲಿಡಿ, ಬಗ್ಗಿ ಕುಡಿಯಲು ಸುಲಭ. ನುಣುಪಾದ ನೆಲದ ಮೇಲೆ ಕಾಲು ಜಾರಿ ಹೊಲಿಗೆ ಎಳೆಯುತ್ತದೆ, ಹಳೆಯ ಹತ್ತಿ ಬೆಡ್‌ಶೀಟ್ ಮಡಚಿ ಹಾಸಿ.

ಪ್ರಶ್ನೆ ಕೇಳಿದವರು (ಮರುದಿನ)

ನಿಮ್ಮಿಬ್ಬರಿಗೂ ಕೈಮುಗಿಯುತ್ತೇನೆ. ನಿನ್ನೆ ಮಧ್ಯಾಹ್ನವೇ ವೈದ್ಯರನ್ನು ಕೇಳಿ ಔಷಧಿ ಮತ್ತೆ ಶುರು ಮಾಡಿದೆವು. ಎರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ತಿನ್ನಿಸಿದೆ. ರಾತ್ರಿ ಒಂಬತ್ತಕ್ಕೆ ಪಕ್ಕದ ಬೀದಿಯವರು ತಂದುಕೊಟ್ಟ ಹಿಪ್ಪುನೇರಳೆ ಎಲೆಯೊಂದನ್ನು ತೊಟ್ಟಿನಿಂದ ಎಳೆದುಕೊಂಡು ತಾನಾಗಿಯೇ ತಿಂದಳು. ಬೆಳಗ್ಗೆ ಎಣಿಸಿದರೆ ನಲವತ್ತಕ್ಕೂ ಮೇಲೆ ಹಿಕ್ಕೆ, ಕೊನೆಯವು ಮತ್ತೆ ದಪ್ಪಗಾಗಿವೆ. ಈಗ ಗಂಡಿನ ವಿಷಯ ಒಂದೇ ಉಳಿದಿದೆ.

ಉತ್ತರ 3 (ತುಮಕೂರಿನಿಂದ)

ಓದಿ ಬಹಳ ಸಮಾಧಾನವಾಯಿತು. ಹೊಲಿಗೆ ಪೂರ್ತಿ ಮಾಯುವವರೆಗೆ, ಕನಿಷ್ಠ ಹತ್ತು ದಿನ, ಗಂಡನ್ನು ಒಳಗೆ ಬಿಡಬೇಡಿ. ಅದು ಮೇಲೆ ಹತ್ತಿದರೆ ಹೊಲಿಗೆ ಬಿಟ್ಟೀತು. ಆದರೆ ಬೇರೆ ಕೋಣೆಗೂ ಹಾಕಬೇಡಿ. ನಡುವೆ ಜಾಲರಿ ಇಟ್ಟು ಪರಸ್ಪರ ವಾಸನೆ ಸಿಗುವಂತೆ ಇಟ್ಟರೆ ಮತ್ತೆ ಸೇರಿಸುವಾಗ ಕಚ್ಚಾಡುವುದು ಕಡಿಮೆ.

ಮುಂದೆ ಗಂಡಿಗೂ ಮಾಡಿಸುವುದಾದರೆ, ಹಿಂದಿನ ರಾತ್ರಿಯಿಂದ ಉಪವಾಸ ಇಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಮೊಲ ವಾಂತಿ ಮಾಡುವ ಪ್ರಾಣಿಯಲ್ಲ. ಇನ್ನೊಂದು ಮಾತು ನನ್ನ ತಪ್ಪಿನಿಂದ ಕಲಿತದ್ದು. ಬೀಜ ತೆಗೆಸಿದ ಹತ್ತನೆಯ ದಿನವೇ ನನ್ನ ಗಂಡು ಮೊಲವನ್ನು ಆಪರೇಷನ್ ಆಗದ ಹೆಣ್ಣಿನ ಜೊತೆ ಬಿಟ್ಟೆ, 31ನೆಯ ದಿನ ಗೂಡಿನಲ್ಲಿ ಆರು ಮರಿ. ಬೀಜ ತೆಗೆದ ಮೇಲೂ ಆರು ವಾರಗಳವರೆಗೆ ಗಂಡಿನಲ್ಲಿ ಗರ್ಭ ಕಟ್ಟಿಸುವ ಶಕ್ತಿ ಉಳಿದಿರಬಹುದೆಂದು ನನಗೆ ಆಗ ಯಾರೂ ಹೇಳಿರಲಿಲ್ಲ. ನಿಮ್ಮ ಹೆಣ್ಣಿಗೆ ಆಪರೇಷನ್ ಆಗಿರುವುದರಿಂದ ಮರಿಗಳ ಭಯವಿಲ್ಲ. ಅವಳ ಹೊಲಿಗೆ ಮಾಯ್ದಿದೆ ಎಂದು ವೈದ್ಯರು ನೋಡಿ ಹೇಳಿದ ದಿನ ಜಾಲರಿ ತೆಗೆಯಿರಿ.