ಸಹಾಯ ಬೇಕು: ಚೆರ್ರಿ ಸೀಗಡಿಗಳು ದಿನಕ್ಕೊಂದು ಸಾಯುತ್ತಿವೆ

ಬೆಂಗಳೂರಿನ ಮನೆಯಲ್ಲಿ 40 ಲೀಟರ್ ಅಕ್ವೇರಿಯಂ ತೊಟ್ಟಿ ಇದೆ. ಸ್ಪಂಜ್ ಫಿಲ್ಟರ್, ಜಾವಾ ಮಾಸ್ ಪಾಚಿಗಿಡ, ಒಂದಿಷ್ಟು ಗಪ್ಪಿ ಮೀನು, ಹದಿನೈದು ಕೆಂಪು ಚೆರ್ರಿ ಸೀಗಡಿ. ಎರಡು ಹೆಣ್ಣುಗಳ ಹೊಟ್ಟೆಯಡಿ ಮೊಟ್ಟೆ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ!

ಕಳೆದ ವಾರ ಕಾವೇರಿ ನೀರು ಬರಲಿಲ್ಲ. ಸುಮ್ನೆ ಅರ್ಧ ತೊಟ್ಟಿ ಬೋರ್‌ವೆಲ್ ನೀರು ಹಾಕಿದೆ. 180 ಇದ್ದ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) 420ಕ್ಕೆ ಏರಿತು. ಆಮೇಲೆ ಸಾವು ಶುರು. ಸತ್ತವುಗಳ ಕತ್ತಿನ ಹಿಂದೆ ಸುತ್ತಲೂ ಬಿಳಿ ಪಟ್ಟಿ. ಪೊರೆ ಕಳಚಲಾಗದೆ ಸತ್ತಿರಬೇಕು, ಅಲ್ವಾ? ಒಂದು ಹೆಣ್ಣು ಮೊಟ್ಟೆಗಳನ್ನೂ ಉದುರಿಸಿತು. ಅಮೋನಿಯಾ ಸೊನ್ನೆ, ತಾಮ್ರದ ಔಷಧಿ ಹಾಕಿಲ್ಲ. ಗಪ್ಪಿಗಳು ಆರಾಮಾಗಿವೆ.

ಈಗ ಆರ್‌ಓ ಫಿಲ್ಟರ್‌ನ ನೀರು ಬೆರೆಸಿ ಟಿಡಿಎಸ್ ಇಳಿಸಲಾ? ಒಮ್ಮೆಗೇ ಬದಲಿಸಿದರೆ ಉಳಿದವೂ ಹೋದಾವು ಎಂಬ ಭಯ. ದಿನಕ್ಕೆ ಎಷ್ಟು ಲೀಟರ್, ಹನಿಹನಿಯಾಗಿ ಬಿಡಬೇಕಾ? ಅಂಗಡಿಯವರು ಉಪ್ಪು ಹಾಕಿ ಎನ್ನುತ್ತಾರೆ, ನನಗೆ ನಂಬಿಕೆ ಬರುತ್ತಿಲ್ಲ.