ಸಹಾಯ ಬೇಕು: ಮಾರಿಕಣಿವೆ 2012ರ ಸ್ಯಾಟಲೈಟ್ ಚಿತ್ರದ ಪಟ್ಟೆ ಏನ್ ಮಾಡ್ಲಿ?

ಎಲ್ರಿಗೂ ನಮಸ್ಕಾರ. ಹಿರಿಯೂರು ಹತ್ರದ ನಮ್ಮ ಮಾರಿಕಣಿವೆ ಡ್ಯಾಮ್ 1933 ಆದ್ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲೇ, ಅದಕ್ಕೂ ಹಿಂದಿನ ವರ್ಷಗಳಲ್ಲಿ ನೀರು ಎಷ್ಟು ಹಿಂದಕ್ಕೆ ಸರಿದಿತ್ತು ಅಂತ 2009ರಿಂದ ಲೆಕ್ಕ ಹಾಕ್ತಿದೀನಿ, ನೋಡ್ತಾ ನೋಡ್ತಾ ಹೊಟ್ಟೆ ಉರಿಯುತ್ತೆ.

ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಪ್ರತಿ ವರ್ಷ ಏಪ್ರಿಲ್ ಕೊನೆ ಚಿತ್ರ ತಗೊಂಡು ಎಂಎನ್‌ಡಿಡಬ್ಲ್ಯುಐ (ನೀರನ್ನ ನೆಲದಿಂದ ಬೇರೆ ಮಾಡಿ ತೋರಿಸೋ ಸೂಚ್ಯಂಕ) ಹಾಕಿ ಸೊನ್ನೆಗಿಂತ ಮೇಲಿನ, ಅಂದ್ರೆ ನೀರಿನ, ಪಿಕ್ಸೆಲ್ ಎಣಿಸ್ತೀನಿ. 2011ರವರೆಗೆ ಚಿತ್ರ ಕೊಟ್ಟ ಸ್ಯಾಟಲೈಟ್ ಲ್ಯಾಂಡ್‌ಸ್ಯಾಟ್ 5, 2013ರಿಂದ 8. ನಡುವೆ 2012ಕ್ಕೆ ಇರೋದು 7 ಒಂದೇ, ಅದೋ 2003ರಲ್ಲಿ ಸ್ಕ್ಯಾನ್ ಲೈನ್ ಕರೆಕ್ಟರ್ (ಸ್ಕ್ಯಾನ್ ಸಾಲುಗಳ ನಡುವೆ ಸಂದು ಬೀಳದಂಗೆ ನೋಡ್ಕೊಳ್ಳೋ ಭಾಗ) ಕೆಟ್ಟಿದ್ದು, ನೀರಿನ ಮೇಲೆ ಬಾಚಣಿಗೆ ಎಳೆದಂಗೆ ಖಾಲಿ ಪಟ್ಟೆ.

ಫೋಕಲ್ ಮೀನ್ (ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿ) ಹಾಕಿದ್ರೆ ಪಟ್ಟೆ ತುಂಬುತ್ತೆ, ಆದ್ರೆ ಗುಡ್ಡದ ಸಂದಿಗೆ ಚಾಚಿರೋ ಹಿನ್ನೀರಿನ ಸಣ್ಣ ಬೆರಳುಗಳು ಅಳಿಸಿಹೋಗ್ತವೆ. ಫೆಬ್ರವರಿಯಿಂದ ಮೇವರೆಗಿನ ಚಿತ್ರ ಸೇರಿಸಿ ಮೀಡಿಯನ್ (ನಡುವಿನ ಬೆಲೆ) ತಗೊಂಡ್ರೆ ಅಷ್ಟರಲ್ಲಿ ನೀರೇ ಇಳಿದಿರುತ್ತೆ, ದಡ ಯಾವ ತಿಂಗಳದ್ದು ಅಂತಾನೇ ಗೊತ್ತಾಗಲ್ಲ.

ನನ್ನ ಪ್ರಶ್ನೆ ಇಷ್ಟೇ: 2012ರ ಪಟ್ಟೆಗಳನ್ನೇ ಮಾಸ್ಕ್ (ಲೆಕ್ಕಕ್ಕೆ ಬರದಂಗೆ ಮುಚ್ಚೋ ಪದರ) ಮಾಡಿ 2011, 2013ರ ಚಿತ್ರಕ್ಕೂ ಹಾಕಿ, ಮೂರರಲ್ಲೂ ಕಾಣೋ ಜಾಗದಲ್ಲಿ ಮಾತ್ರ ಹೋಲಿಸಿದ್ರೆ ಸರಿನಾ, ಇಲ್ಲಾ ಪಟ್ಟೆ ತುಂಬಿಸಲೇಬೇಕಾ? ತುಂಬಿಸೋದಾದ್ರೆ ಯಾವ ವಿಧಾನದಲ್ಲಿ ದಡ ಕೆಡಲ್ಲ? ಮಾಡಿದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.